ಜೇನುನೊಣವೂ ನಮ್ಮ ಹೊಲಗಳೂ

ಎಳ್ಳಮಾವಾಸ್ಯೆಯ ದಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಚರಗ ಚೆಲ್ಲುವ ಪದ್ಧತಿ ಇಂದಿಗೂ ಉಳಿದು ಬಂದಿದೆ. ಸಜ್ಜೆಯ ರೊಟ್ಟಿ, ಭಜ್ಜಿಪಲ್ಯಗಳ ಬುತ್ತಿ ಕಟ್ಟಿಕೊಂಡು ಊರ ಜನ ಹೊಲಕ್ಕೆ ಹೋಗುತ್ತಾರೆ; ಪಟ್ಟಣದ ನೆಂಟರೂ ಅವರೊಡನೆ ಕೂಡುತ್ತಾರೆ. ಭೂತಾಯಿಗೆ ಮೊದಲ ತುತ್ತು ಅರ್ಪಿಸಿ ಅನಂತರ ತಾವು ಉಣ್ಣುತ್ತಾರೆ. ಒಕ್ಕಲುತನಕ್ಕೆ ನೆರವಾದ ಯಾರನ್ನೂ ಮರೆಯಬಾರದೆಂಬುದು ನಮ್ಮ ಹಿರಿಯರ ನಡವಳಿಕೆ. ಎತ್ತಿಗೆ ಕಾರಹುಣ್ಣಿಮೆಯುಂಟು, ಮಣ್ಣೆತ್ತಿನ ಅಮಾವಾಸ್ಯೆಯುಂಟು. ಹಾವಿಗೆ ಪಂಚಮಿಯುಂಟು. ಆದರೆ ಅದೇ ಹೊಲದಲ್ಲಿ ಹೂವಿನಿಂದ ಹೂವಿಗೆ ಹಾರಿ, ಕಾಳು ಕಟ್ಟುವುದಕ್ಕೆ ನೆರವಾಗುವ ಜೇನುನೊಣಕ್ಕೆ ಮಾತ್ರ ಪಂಚಾಂಗದಲ್ಲಿ ಒಂದು ದಿನವೂ ಇಲ್ಲ.

ಇದಕ್ಕೆ ಕಾರಣ ಕೃತಘ್ನತೆಯಲ್ಲ. ಜೇನು ಈ ಕೆಲಸ ಮಾಡುತ್ತದೆಂಬ ಸಂಗತಿಯೇ ಮನುಷ್ಯನಿಗೆ ಬಹುಕಾಲ ತಿಳಿದಿರಲಿಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ‘ಪರಾಗ’ ಎಂಬುದು ಹಳೆಯ ಮಾತು. ಹೂವಿನ ಧೂಳಿಗೆ ಸಂಸ್ಕೃತ ಕವಿಗಳೂ ಕನ್ನಡ ಕವಿಗಳೂ ಅದನ್ನು ಬಳಸಿದ್ದಾರೆ. ‘ಪರಾಗಸ್ಪರ್ಶ’ ಎಂಬುದು ಹೊಸ ಮಾತು. ಸಸ್ಯಶಾಸ್ತ್ರದ ಪಾಠಪುಸ್ತಕಗಳೊಡನೆ ಬಂದದ್ದು. ನಮ್ಮ ಜಿಲ್ಲೆಯ ಮಳಖೇಡವೇ ಹಿಂದೆ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅಂದಿನಿಂದ ಮುಂದಿನ ಸಾವಿರ ವರ್ಷದ ಕಾವ್ಯದಲ್ಲಿ ದುಂಬಿಯ ಝೇಂಕಾರ ಇಲ್ಲದ ವಸಂತವರ್ಣನೆ ಅಪರೂಪ. ಮಧುಕರ, ಭ್ರಮರ, ಅಳಿ, ಷಟ್ಪದ ಎಂದು ಹೆಸರುಗಳೂ ಹಲವು. ಆರು ಕಾಲಿನ ಆ ಜೀವಿಗೂ ಆರು ಸಾಲಿನ ನಮ್ಮ ಛಂದಸ್ಸಿಗೂ ಹೆಸರು ಹೆಚ್ಚುಕಡಿಮೆ ಒಂದೇ. ಕವಿಗಳು ದುಂಬಿಯನ್ನು ರಸಿಕನೆಂದು ಕಂಡರು, ಕೆಲವೊಮ್ಮೆ ಕಳ್ಳನೆಂದೂ ಕಂಡರು. ಅದರ ಕಾಲಿಗೆ ಅಂಟಿದ ಧೂಳನ್ನೂ ಕಂಡರು. ಆ ಧೂಳು ಮತ್ತೊಂದು ಹೂವಿಗೆ ಮುಟ್ಟಿದ ಬಳಿಕ ಕಾಯಿ ಕಟ್ಟುತ್ತದೆಂಬುದು ಮಾತ್ರ ಅವರ ಗಮನಕ್ಕೆ ಬರಲಿಲ್ಲ.

ಈ ಗುಟ್ಟು ಬೇರೆ ದೇಶಗಳಿಗೂ ತಡವಾಗಿಯೇ ತಿಳಿಯಿತು. ಜರ್ಮನಿಯ ಕೋಲ್‌ರ್ಯೂಟರ್ ಎಂಬ ವಿದ್ವಾಂಸ 1761ರಲ್ಲಿ, ಕೆಲವು ಗಿಡಗಳ ಹೂಗಳಿಗೆ ಕೀಟಗಳ ನೆರವು ಅಗತ್ಯವೆಂದು ಪ್ರಯೋಗದಿಂದ ತೋರಿಸಿದನು. ಆ ದೇಶದವನೇ ಆದ ಸ್ಪ್ರೆಂಗೆಲ್ ಎಂಬ ಶಾಲೆಯ ಮುಖ್ಯೋಪಾಧ್ಯಾಯ ವರ್ಷಗಟ್ಟಲೆ ಬಯಲಿನಲ್ಲಿ ಕುಳಿತು ನೂರಾರು ಬಗೆಯ ಹೂಗಳನ್ನು ನೋಡಿ, 1793ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದನು. ಹೂವಿನ ಬಣ್ಣ, ಗೆರೆ, ಪರಿಮಳ, ಮಕರಂದಗಳೆಲ್ಲವೂ ಕೀಟವನ್ನು ಕರೆಯುವುದಕ್ಕಾಗಿ ಇವೆಯೆಂಬುದು ಅವನ ಸಿದ್ಧಾಂತ. ಅವನು 1816ರಲ್ಲಿ ತೀರಿಕೊಳ್ಳುವವರೆಗೂ ಆ ಗ್ರಂಥಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ಮುಂದೆ ಚಾರ್ಲ್ಸ್ ಡಾರ್ವಿನ್ ಅವನ ಮಾತನ್ನು ಎತ್ತಿ ಹಿಡಿದನು. ಒಂದೇ ಗಿಡದ ಪರಾಗದಿಂದ ಹುಟ್ಟಿದ ಸಸಿಗಳಿಗಿಂತ ಬೇರೆ ಗಿಡದ ಪರಾಗದಿಂದ ಹುಟ್ಟಿದ ಸಸಿಗಳು ಸಾಮಾನ್ಯವಾಗಿ ಬಲಿಷ್ಠವಾಗಿರುತ್ತವೆಂದು 1876ರ ತನ್ನ ಗ್ರಂಥದಲ್ಲಿ ವಿವರಿಸಿದನು. ಜೇನು ಬೆಳೆಯ ಬಂಧುವೆಂಬ ಅರಿವಿಗೆ ಈ ರೀತಿ ಶಾಸ್ತ್ರದ ಆಧಾರ ದೊರೆಯಿತು.

ನಮ್ಮ ನಾಡಿನಲ್ಲಿ ಜೇನಿನ ಕುಲಗಳು ಮುಖ್ಯವಾಗಿ ನಾಲ್ಕು. ದೊಡ್ಡ ಮರ, ಬಂಡೆ, ಎತ್ತರದ ಕಟ್ಟಡಗಳಿಗೆ ಒಂದೇ ದೊಡ್ಡ ಹುಟ್ಟು ಕಟ್ಟುವುದು ಹೆಜ್ಜೇನು. ಪೊದೆಯ ಕೊಂಬೆಗೆ ಅಂಗೈಯಷ್ಟು ಹುಟ್ಟು ಕಟ್ಟುವುದು ಕೋಲುಜೇನು. ಮರದ ಪೊಟರೆಯಲ್ಲಿ ಸಾಲುಸಾಲು ಹುಟ್ಟುಗಳನ್ನು ಕಟ್ಟುವುದು ತುಡುವೆ. ಗೋಡೆಯ ಬಿರುಕಿನಲ್ಲಿ ಅಂಟಿನ ಗೂಡು ಮಾಡುವ, ಕೊಂಡಿಯಿಲ್ಲದ ಸಣ್ಣ ಜೇನು ನಾಲ್ಕನೆಯದು. ಅದಕ್ಕೆ ಮುಜಂಟಿ ಎಂಬ ಹೆಸರುಂಟು. ಇವುಗಳಲ್ಲಿ ತುಡುವೆ ಮಲೆನಾಡು ಕರಾವಳಿಗಳಲ್ಲಿ ಹೆಚ್ಚು. ಭೀಮಾತೀರದ ನಮ್ಮ ಬಯಲಿನಲ್ಲಿ ಹೆಚ್ಚಾಗಿ ಕಾಣುವುವು ಹೆಜ್ಜೇನು ಮತ್ತು ಕೋಲುಜೇನು. ಇವೆರಡೂ ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವುವಲ್ಲ. ಈ ಭೇದವನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದು ಮುಖ್ಯ.

ಪೆಟ್ಟಿಗೆಯ ಜೇನುಸಾಕಣೆ ಈಗಿನ ರೂಪದಲ್ಲಿ ಹುಟ್ಟಿದ್ದು ಅಮೆರಿಕದಲ್ಲಿ. ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಒಂದು ಸಂಗತಿಯನ್ನು ಗುರುತಿಸಿದನು. ಹುಟ್ಟುಗಳ ನಡುವೆ ಸುಮಾರು 9 ಮಿಲಿಮೀಟರ್ ಸಂದು ಬಿಟ್ಟರೆ ಜೇನು ಅದನ್ನು ಮೇಣದಿಂದ ಮುಚ್ಚದೆ ಓಡಾಟದ ಹಾದಿಯಾಗಿ ಬಿಟ್ಟುಕೊಳ್ಳುತ್ತದೆ. ಆ ಲೆಕ್ಕದಿಂದ ಎತ್ತಿ ಇಳಿಸಬಹುದಾದ ಚೌಕಟ್ಟುಗಳ ಪೆಟ್ಟಿಗೆ ಸಾಧ್ಯವಾಯಿತು. ನಮ್ಮ ಚಿಕ್ಕ ತುಡುವೆಗೆ ಹೊಂದುವ ಪೆಟ್ಟಿಗೆಯನ್ನು ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ಎಂಬುವರು 1910ರ ಸುಮಾರಿಗೆ ರೂಪಿಸಿದರು. ‘ನ್ಯೂಟನ್ ಪೆಟ್ಟಿಗೆ’ ಎಂಬ ಹೆಸರಿನಿಂದ ಅದು ದಕ್ಷಿಣ ಭಾರತದಲ್ಲೆಲ್ಲ ಹರಡಿತು. ಜೇನುಸಾಕಣೆಗೆ ಗ್ರಾಮೋದ್ಯೋಗವಾಗಿ ಪ್ರೋತ್ಸಾಹ ಕೊಡಬೇಕೆಂದು 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಶಿಫಾರಸು ಮಾಡಿತು. ಕೊಡಗಿನ ಭಾಗಮಂಡಲ, ವಿರಾಜಪೇಟೆಗಳಲ್ಲೂ ದಕ್ಷಿಣ ಕನ್ನಡದ ಪುತ್ತೂರಿನಲ್ಲೂ ಜೇನು ಸಾಕುವವರ ಸಹಕಾರ ಸಂಘಗಳು ಬೆಳೆದುವು. 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಸ್ಥಾಪನೆಯಾಯಿತು. ಅದರ ಆಶ್ರಯದಲ್ಲಿ 1962ರಲ್ಲಿ ಪುಣೆಯಲ್ಲಿ ಕೇಂದ್ರ ಜೇನು ಸಂಶೋಧನಾಲಯ ಹುಟ್ಟಿತು. ಅದೇ 1962ರಲ್ಲಿ ಕಾಂಗ್ರಾ ಜಿಲ್ಲೆಯ ನಗ್ರೋಟಾದಲ್ಲಿ ಯುರೋಪಿನ ಜೇನನ್ನು ನಮ್ಮ ದೇಶದಲ್ಲಿ ನೆಲೆಗೊಳಿಸುವ ಯತ್ನ ಸಫಲವಾಯಿತು. ಈ ಎಲ್ಲ ಪ್ರಯತ್ನಗಳಲ್ಲೂ ಮುಂದೆ ನಿಂತ ಲೆಕ್ಕ ತುಪ್ಪ ಮತ್ತು ಮೇಣದ್ದು. ಒಂದು ಪೆಟ್ಟಿಗೆಯಿಂದ ಎಷ್ಟು ಸೇರು ಜೇನುತುಪ್ಪ ಬಂದೀತೆಂದು ಎಲ್ಲರೂ ಕೇಳುತ್ತಿದ್ದರು. ಎಷ್ಟು ಚೀಲ ಕಾಳು ಹೆಚ್ಚೀತೆಂದು ಕೇಳಿದವರು ಕೆಲವರೇ.

ಹುಟ್ಟಿನೊಳಗಿನ ಆರೋಗ್ಯವನ್ನು ಕುರಿತ ಚಿಂತೆ ಇನ್ನೂ ತಡವಾಗಿ ಬಂದಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ತುಡುವೆಯ ಜಾತಿಗೆ ಒಂದು ರೋಗ ತಗುಲಿತು. ಅದಕ್ಕೆ ಕಾರಣ ಒಂದು ವೈರಸ್ ಎಂದು ಮುಂದೆ ಗೊತ್ತಾಯಿತು. ಈ ರೋಗದಲ್ಲಿ ಮರಿಹುಳು ಕೋಶವಾಗುವ ಮೊದಲೇ ಸಾಯುತ್ತದೆ. ಅದರ ಮೈ ನೀರು ತುಂಬಿದ ಸಣ್ಣ ಚೀಲದಂತಾಗುತ್ತದೆ. ‘ಥಾಯ್ ಸ್ಯಾಕ್‌ಬ್ರೂಡ್’ ಎಂಬ ಆ ರೋಗ ನಮ್ಮ ದೇಶದ ಈಶಾನ್ಯಕ್ಕೆ ಕಾಲಿಟ್ಟು, 1991-92ರಲ್ಲಿ ದಕ್ಷಿಣಕ್ಕೆ ಇಳಿಯಿತು. ಕೊಡಗು, ದಕ್ಷಿಣ ಕನ್ನಡ, ಮಲೆನಾಡುಗಳಲ್ಲಿ ಪೆಟ್ಟಿಗೆಗಳು ಒಂದೊಂದಾಗಿ ಬರಿದಾದುವು. ದಕ್ಷಿಣ ಭಾರತದ ಸಾಕಿದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅಳಿದುಹೋದುವೆಂದು ಲೆಕ್ಕ ಹಾಕುತ್ತಾರೆ. ತಲೆಮಾರುಗಳಿಂದ ಜೇನು ಸಾಕಿಕೊಂಡು ಬಂದ ಮನೆಗಳ ಅಂಗಳದಲ್ಲಿ ಖಾಲಿ ಪೆಟ್ಟಿಗೆಗಳು ಉಳಿದುವು. ಈ ವೈರಸ್ಸಿಗೆ ಮದ್ದಿಲ್ಲ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ಇಡದಂತೆ ತಡೆದರೆ, ರೋಗ ತಗುಲಲು ಮರಿಗಳಿಲ್ಲದೆ ಹರಡುವುದು ಕುಗ್ಗುತ್ತದೆ. ರೋಗವನ್ನು ತಾಳಿ ಬದುಕಿದ ಕುಟುಂಬಗಳಿಂದಲೇ ತುಡುವೆಯನ್ನು ಮತ್ತೆ ಬೆಳೆಸಬೇಕಾಯಿತು.

ಇನ್ನೊಂದು ರೋಗದ ಕಥೆ ಇದಕ್ಕೆ ತಿರುವುಮುರುವು. ವರೋವಾ ಎಂಬ ನುಸಿಯನ್ನು 1904ರಲ್ಲಿ ಜಾವಾ ದ್ವೀಪದಲ್ಲಿ ಮೊದಲು ಗುರುತಿಸಿದರು. ಅದು ಮೂಲತಃ ಏಷ್ಯಾದ ತುಡುವೆಯ ಮೈಮೇಲೆ ಬದುಕುವ ಜೀವಿ. ಬಹುಕಾಲದ ಒಡನಾಟದಿಂದ ತುಡುವೆ ಅದನ್ನು ಹೆಕ್ಕಿ ಕಚ್ಚಿ ಕೆಡವುವುದನ್ನು ಕಲಿತಿದೆ. ಯುರೋಪಿನ ಜೇನಿಗೆ ಆ ಅಭ್ಯಾಸ ಸಾಲದು. ಮನುಷ್ಯನು ಎರಡು ಜಾತಿಗಳನ್ನೂ ಒಂದೆಡೆ ತಂದು ಸಾಕಿದಾಗ ನುಸಿ ಅದಕ್ಕೆ ಹತ್ತಿಕೊಂಡು, ಜಗತ್ತಿನ ಬಹುಭಾಗಕ್ಕೆ ಹಬ್ಬಿತು. ದನಕರುಗಳ ರೋಗದ ವಿಷಯದಲ್ಲಿ ನಮ್ಮ ರೈತರಿಗೆ ಗೊತ್ತಿರುವ ನೀತಿಯೇ ಇಲ್ಲಿಯೂ ಸಲ್ಲುತ್ತದೆ. ಪರವೂರಿನ ಹಿಂಡನ್ನು ತರುವಾಗ ಅದರ ಬೇನೆಯೂ ಕೂಡಿ ಬರುತ್ತದೆಂಬ ಎಚ್ಚರ ಬೇಕು.

ಜೇನಿನ ಆರೋಗ್ಯಕ್ಕೂ ಬೆಳೆಗೂ ಇರುವ ನಂಟನ್ನು ಜಗತ್ತು ಅತ್ಯಂತ ಸ್ಪಷ್ಟವಾಗಿ ಕಂಡದ್ದು ಬಾದಾಮಿಯ ತೋಟಗಳಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 13 ಲಕ್ಷ ಎಕರೆಗೂ ಮಿಕ್ಕಿ ಬಾದಾಮಿ ಮರಗಳಿವೆ. ಅಲ್ಲಿಯ ಹೆಚ್ಚಿನ ತಳಿಗಳ ಹೂವು ತನ್ನದೇ ತಳಿಯ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಆದ್ದರಿಂದ ಬೇರೆ ಬೇರೆ ತಳಿಗಳನ್ನು ಸಾಲು ಬಿಟ್ಟು ಸಾಲು ನೆಟ್ಟು, ಫೆಬ್ರವರಿಯಲ್ಲಿ ಹೂ ಬಿಡುವಾಗ ಎಕರೆಗೆ ಸುಮಾರು ಎರಡು ಪೆಟ್ಟಿಗೆಯಂತೆ ಜೇನನ್ನು ಬಾಡಿಗೆಗೆ ತಂದಿಡುತ್ತಾರೆ. ದೇಶದ ಮೂಲೆಮೂಲೆಗಳಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪೆಟ್ಟಿಗೆಗಳು ಲಾರಿಗಳಲ್ಲಿ ಅಲ್ಲಿಗೆ ಬರುತ್ತವೆ. 2006ರ ಚಳಿಗಾಲದಲ್ಲಿ ಆ ದೇಶದ ಹಲವೆಡೆ ಪೆಟ್ಟಿಗೆ ತೆರೆದವರಿಗೆ ರಾಣಿಯೂ ಮರಿಗಳೂ ತುಪ್ಪವೂ ಕಂಡುವು. ದುಡಿಯುವ ನೊಣಗಳು ಮಾತ್ರ ಮಾಯವಾಗಿದ್ದುವು. ನುಸಿ, ವೈರಸ್, ಔಷಧಿಯ ವಿಷ, ಒಂದೇ ಬೆಳೆಯ ಆಹಾರ, ಊರೂರು ಸಾಗಾಟದ ದಣಿವು ಇವೆಲ್ಲ ಕೂಡಿ ಜೇನನ್ನು ಸೊರಗಿಸಿದುವೆಂಬುದು ವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ.

ಅಷ್ಟು ದೂರ ಹೋಗುವುದು ಬೇಡ, ನಮ್ಮ ಕರಾವಳಿಯ ಗೇರುತೋಟಗಳನ್ನೇ ನೋಡೋಣ. ನಾವು ಗೋಡಂಬಿ ಎನ್ನುವ ಬೀಜದ ಮರವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದರು. ಗೇರಿನ ಒಂದೇ ಗೊಂಚಲಿನಲ್ಲಿ ಗಂಡು ಹೂಗಳೂ ದ್ವಿಲಿಂಗಿ ಹೂಗಳೂ ಇರುತ್ತವೆ; ಅದರ ಪರಾಗ ಅಂಟುಳ್ಳದ್ದು, ಗಾಳಿಗೆ ಸುಲಭವಾಗಿ ಹಾರುವುದಿಲ್ಲ. ಆದ್ದರಿಂದ ಕೀಟಗಳ ನೆರವು ಬೇಕು. ಗೇರಿನ ರಾಷ್ಟ್ರೀಯ ಸಂಶೋಧನ ಕೇಂದ್ರ ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪನೆಯಾಯಿತು. ಗೇರಿನ ಹೂವಿಗೆ ತುಡುವೆಯಲ್ಲದೆ, ಹಿಂಡು ಕಟ್ಟದೆ ಒಂಟಿಯಾಗಿ ಬದುಕುವ ಪುಟ್ಟ ಕಾಡುಜೇನುಗಳೂ ಬಂದು ಪರಾಗ ಒಯ್ಯುತ್ತವೆಂದು ಅಲ್ಲಿಯ ವಿಜ್ಞಾನಿಗಳು ಗುರುತಿಸಿದ್ದಾರೆ.

ಗೇರಿಗೆ ದೊಡ್ಡ ಶತ್ರುವೆಂದರೆ ಚಹಾ ಸೊಳ್ಳೆಯೆಂದು ಕರೆಯುವ ಒಂದು ತಿಗಣೆ. ಅದು ಎಳೆಚಿಗುರನ್ನೂ ಹೂಗೊಂಚಲನ್ನೂ ಚುಚ್ಚಿ ಒಣಗಿಸುತ್ತದೆ. ಹೂವಿನ ಕಾಲವೇ ಅದರ ಕಾಲ. ಆದ್ದರಿಂದ ಔಷಧಿ ಹೊಡೆಯುವ ಕಾಲವೂ ಅದೇ, ಜೇನು ಬರುವ ಕಾಲವೂ ಅದೇ. ಕಾಸರಗೋಡು ಜಿಲ್ಲೆಯ ಸರ್ಕಾರಿ ಸ್ವಾಮ್ಯದ ಗೇರುತೋಟಗಳ ಮೇಲೆ 1970ರ ದಶಕದ ನಡುವಿನಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟಗಳ ನಡುವೆಯೂ ಕೆಳಗಿನ ಕಣಿವೆಗಳಲ್ಲೂ ಕನ್ನಡ, ತುಳು, ಮಲಯಾಳ ಮಾತಿನ ಜನ ನೆಲೆಸಿದ್ದರು. ಜೇನು, ಮೀನು, ಕಪ್ಪೆಗಳು ಸತ್ತು ಕಾಣೆಯಾಗುತ್ತಿವೆಯೆಂದೂ ಕರುಗಳು ಊನವಾಗಿ ಹುಟ್ಟುತ್ತಿವೆಯೆಂದೂ ಅಲ್ಲಿಯ ಪಡ್ರೆ ಮುಂತಾದ ಹಳ್ಳಿಗಳವರು ಮೊದಲಿಂದಲೇ ಹೇಳುತ್ತ ಬಂದರು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರು ಈ ಸಂಗತಿಯನ್ನು 1980ರ ದಶಕದ ಆರಂಭದಲ್ಲಿಯೇ ಪತ್ರಿಕೆಯಲ್ಲಿ ಬರೆದರು. ಅದೇ ಊರಿನ ಕಡೆಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಬೇನೆಗಳನ್ನು ಜಗತ್ತಿಗೆ ತಿಳಿಸಿದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. ಜೇನಿನ ಸಾವನ್ನು ಮೊದಲ ಎಚ್ಚರಿಕೆಯೆಂದು ಅಂದೇ ಎಣಿಸಿದ್ದರೆ ಎಷ್ಟು ಮಕ್ಕಳ ಬದುಕು ಉಳಿಯುತ್ತಿತ್ತೋ ಎಂದು ಮನಸ್ಸು ನೋಯುತ್ತದೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಬಾದಾಮಿಯ ತೋಟಗಳಿಲ್ಲ, ಗೇರುತೋಪುಗಳೂ ಇಲ್ಲ. ಶೇಂಗಾ ಉಂಟು, ಆದರೆ ಅದರ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವಂಥದು, ಜೇನಿನ ಹಂಗು ಅದಕ್ಕೆ ಅತ್ಯಲ್ಪ. ಹಾಗಾದರೆ ಈ ಕಥೆಯಿಂದ ನಮಗೇನು ಎಂದು ಯಾರಾದರೂ ಕೇಳಬಹುದು. ಉತ್ತರಕ್ಕೆ ನಮ್ಮ ಎಣ್ಣೆಕಾಳುಗಳ ಚರಿತ್ರೆಯನ್ನು ನೋಡಬೇಕು.

ಸೂರ್ಯಕಾಂತಿ ನಮ್ಮ ಹೊಲಗಳಿಗೆ ಹಳೆಯ ಬೆಳೆಯಲ್ಲ. 1969ರಲ್ಲಿ ಸೋವಿಯತ್ ದೇಶದಿಂದ ಎಣ್ಣೆಯ ತಳಿಗಳ ಬೀಜ ಭಾರತಕ್ಕೆ ಬಂದಿತು. 1972ರ ಸುಮಾರಿಗೆ ರೈತರ ಹೊಲಗಳಲ್ಲಿ ಬೇಸಾಯ ಆರಂಭವಾಯಿತು. ಆಳೆತ್ತರದ ಗಿಡ, ತಟ್ಟೆಯಗಲದ ಹೂವು, ನೋಡಲು ಕಣ್ಣಿಗೆ ಹಬ್ಬ. ಆದರೆ ಒಕ್ಕಿದಾಗ ತೆನೆಯ ನಡುವಿನ ಕಾಳು ಬಹಳಮಟ್ಟಿಗೆ ಜೊಳ್ಳು. ಆ ತಳಿಗಳ ಹೂವು ತನ್ನದೇ ಪರಾಗವನ್ನು ಸುಲಭವಾಗಿ ಒಪ್ಪುತ್ತಿರಲಿಲ್ಲ. ಬೇರೆ ಗಿಡದ ಪರಾಗವನ್ನು ಜೇನು ತಂದು ಮುಟ್ಟಿಸಬೇಕಾಗಿತ್ತು. ಆದ್ದರಿಂದ ಬೆಳಗಿನ ಹೊತ್ತು ಕೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಹೂವಿನಿಂದ ಹೂವಿಗೆ ಸವರುತ್ತ ಹೋಗಬೇಕೆಂದೂ ಹೊಲದಲ್ಲಿ ಜೇನುಪೆಟ್ಟಿಗೆ ಇಡಬೇಕೆಂದೂ ಕೃಷಿ ತಜ್ಞರು ಸಲಹೆ ಮಾಡಿದರು. ಒಂದು ಎಕರೆಯಲ್ಲಿ ಸಾವಿರಾರು ಹೂಗಳು; ಹೂವಿನ ಕಾಲದಲ್ಲಿ ಒಂದೆರಡು ದಿನಕ್ಕೊಮ್ಮೆ ಸವರಬೇಕು. ಜೇನು ಪುಕ್ಕಟೆಯಾಗಿ ಮಾಡುವ ಕೆಲಸದ ಬೆಲೆ ಎಷ್ಟೆಂಬುದು ಆಗ ಕೂಲಿಯ ಲೆಕ್ಕದಲ್ಲಿ ಗೊತ್ತಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ‘ಬಿಎಸ್ಎಚ್-1’ ಎಂಬ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಹೊರಬಂದಿತು. ಹೈಬ್ರಿಡ್‌ಗಳಲ್ಲಿ ಜೊಳ್ಳಿನ ಕಾಟ ಕಡಿಮೆಯಾಯಿತಾದರೂ ಜೇನು ಬಂದ ಹೊಲದಲ್ಲಿ ಕಾಳು ಹೆಚ್ಚು ತುಂಬುವುದು ತಪ್ಪಲಿಲ್ಲ. ಮೇಲಾಗಿ ಆ ಹೈಬ್ರಿಡ್ ಬೀಜವನ್ನು ತಯಾರಿಸುವ ಹೊಲದಲ್ಲಿ ಗಂಡುಸಾಲಿನ ಪರಾಗವನ್ನು ಹೆಣ್ಣುಸಾಲಿಗೆ ಒಯ್ಯುವುದು ಜೇನೇ. ಅದು ಬಾರದಿದ್ದಲ್ಲಿ ಕೈಯಿಂದ ಸವರಬೇಕು. ಮುಂದೆ ರೋಗಗಳಿಂದಲೂ ಅಗ್ಗದ ಆಮದು ಎಣ್ಣೆಯಿಂದಲೂ ಸೂರ್ಯಕಾಂತಿಯ ಬಿತ್ತನೆ ಕುಗ್ಗುತ್ತ ಬಂದಿತು.

ಕುಸುಬೆ ನಮ್ಮ ಹಳೆಯ ಒಡನಾಡಿ. ಮಳೆಗಾಲದ ತೇವವನ್ನು ಹಿಡಿದಿಟ್ಟ ಎರೆಮಣ್ಣಿನಲ್ಲಿ ಹಿಂಗಾರಿಗೆ ಬಿತ್ತಿ, ಚಳಿಗಾಲದಲ್ಲಿ ಹೂ ಕಾಣುವ ಬೆಳೆ. ಅದರ ಹೂವು ಬಹುಮಟ್ಟಿಗೆ ಸ್ವಂತ ಪರಾಗದಿಂದ ಕಾಳು ಕಟ್ಟುತ್ತದೆ. ಜೇನು ಬಂದರೆ ಕಾಳು ಇನ್ನಷ್ಟು ತುಂಬುತ್ತದೆ. ಅದಕ್ಕೆ ಬೀಳುವ ಹೇನಿಗೆ ರೈತರು ಡೈಮೆಥೊಯೇಟ್ ಮುಂತಾದ ಔಷಧಿಗಳನ್ನು ಸಿಂಪಡಿಸುವುದುಂಟು. ಅವು ಹೇನಿಗೆ ಎಷ್ಟು ವಿಷವೋ ಜೇನಿಗೂ ಅಷ್ಟೇ ವಿಷ.

ಇನ್ನು ತೊಗರಿ. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ತೊಗರಿಯ ಹೂವು ಅರಳುವ ಮೊದಲೇ ಬಹಳಮಟ್ಟಿಗೆ ಸ್ವಂತ ಪರಾಗವನ್ನು ಪಡೆದಿರುತ್ತದೆ. ಆದರೂ ಹೆಜ್ಜೇನು, ಎಲೆ ಕತ್ತರಿಸುವ ಒಂಟಿಜೇನು ಮೊದಲಾದುವು ಬಂದು ಒಂದು ಪಾಲು ಹೂಗಳಿಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸುತ್ತವೆ. ಇದರಿಂದ ಶುದ್ಧ ತಳಿಯ ಬೀಜ ಉಳಿಸಿಕೊಳ್ಳುವವರಿಗೆ ತೊಂದರೆಯೂ ಉಂಟು. ಅಕ್ಕಪಕ್ಕದ ತಳಿ ಬೆರೆಯದಂತೆ ಹೊಲವನ್ನು ದೂರವಿರಿಸಬೇಕಾಗುತ್ತದೆ. ಅದೇ ಸ್ವಭಾವವನ್ನು ಲಾಭಕ್ಕೆ ತಿರುಗಿಸಿದವರು ಹೈದರಾಬಾದಿನ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು. ಅವರು ರೂಪಿಸಿದ ತೊಗರಿಯ ಹೈಬ್ರಿಡ್ 1991ರಲ್ಲಿ ಹೊರಬಂದಿತು. ಇನ್ನೊಂದು ಕ್ರಮದಿಂದ ಬೆಳೆಸಿದ ಹೈಬ್ರಿಡ್ 2010ರಲ್ಲಿ ಬಿಡುಗಡೆಯಾಯಿತು. ಈ ಬೀಜದ ಹೊಲದಲ್ಲಿ ಹೆಣ್ಣುಸಾಲಿನ ಗಿಡಕ್ಕೆ ತನ್ನದೆಂಬ ಪರಾಗವಿಲ್ಲ. ಜೇನು ಬಾರದಿದ್ದರೆ ಅಲ್ಲಿ ಕಾಯಿಯೂ ಇಲ್ಲ.

ತೊಗರಿಗೆ ಕಾಯಿಕೊರಕ ಹುಳು ಬೀಳುವುದೂ ಹೂ ಮೊಗ್ಗಿನ ಕಾಲದಲ್ಲಿಯೇ. ಗೇರಿನಲ್ಲಿ ಕಂಡ ಇಕ್ಕಟ್ಟು ಇಲ್ಲಿಯೂ ಉಂಟು. ಹುಳಕ್ಕೆ ಹೊಡೆದ ಔಷಧಿ ಜೇನಿಗೂ ತಾಗುತ್ತದೆ. ಆದರೆ ಈ ಇಕ್ಕಟ್ಟಿಗೆ ಒಂದು ಉಪಾಯವನ್ನು ನಮ್ಮ ಕಲಬುರಗಿ ಕಡೆಯ ಹೊಲಗಳಲ್ಲಿಯೇ ಕಾಣಬಹುದಾಗಿದೆ. ಗಿಡದ ಬುಡದಲ್ಲಿ ಬಟ್ಟೆಯನ್ನೋ ತಾಡಪತ್ರಿಯನ್ನೋ ಹಿಡಿದು ಗಿಡವನ್ನು ಮೆಲ್ಲಗೆ ಅಲುಗಿಸಿದರೆ ಹುಳುಗಳು ಉದುರುತ್ತವೆ. ಅವನ್ನು ಕೂಡಿಸಿ ಕೊಲ್ಲಬಹುದು. ಇದು ಕೃಷಿ ವಿಜ್ಞಾನಿಗಳೂ ಒಪ್ಪಿ ಸಾರಿದ ಕ್ರಮ. ಜೇನಿಗೆ ಇದರಿಂದ ಕೇಡಿಲ್ಲ.

ಚರಿತ್ರೆಯ ಈ ಮಾತುಗಳನ್ನೆಲ್ಲ ಕೂಡಿಸಿ ನೋಡಿದರೆ ಒಂದು ಕ್ರಮ ತೋರುತ್ತದೆ. ಮನುಷ್ಯನು ಮೊದಲು ತುಪ್ಪವನ್ನು ಕಂಡನು. ಬಹಳ ತಡವಾಗಿ ಕಾಳನ್ನು ಕಂಡನು. ಜೇನಿನ ಆರೋಗ್ಯವನ್ನು ಅದು ಸಾಯತೊಡಗಿದ ಮೇಲೆ ಕಂಡನು. ಕೊಡಗಿನಲ್ಲಿ ಸತ್ತದ್ದು ಪೆಟ್ಟಿಗೆಯ ಜೇನು. ಮಾಲೀಕನಿದ್ದುದರಿಂದ ನಷ್ಟಕ್ಕೆ ಲೆಕ್ಕ ಉಳಿಯಿತು, ಚಿಕಿತ್ಸೆಯ ಯತ್ನವೂ ನಡೆಯಿತು. ನಮ್ಮ ಬಯಲಿನ ಹೆಜ್ಜೇನಿಗೂ ಕೋಲುಜೇನಿಗೂ ಒಂಟಿಜೇನಿಗೂ ಮಾಲೀಕನಿಲ್ಲ. ಅವು ಸತ್ತರೆ ಲೆಕ್ಕ ಬರೆಯುವವರಿಲ್ಲ, ಪರಿಹಾರ ಕೇಳುವವರೂ ಇಲ್ಲ. ಕಾಳು ಸಣ್ಣದಾದಾಗ ಮಳೆಯನ್ನೋ ಬೀಜವನ್ನೋ ದೂರುತ್ತೇವೆ. ಆದ್ದರಿಂದ ಅವುಗಳ ಹೊಣೆ ಊರಿನದು.

ಆ ಹೊಣೆ ದೊಡ್ಡ ಖರ್ಚಿನದಲ್ಲ. ಹೂ ತುಂಬಿದ ಹೊಲಕ್ಕೆ ಆದಷ್ಟೂ ಔಷಧಿ ಹೊಡೆಯಬಾರದು. ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಸಂಜೆಯ ಹೊತ್ತು ಹೊಡೆಯಬೇಕು. ಹಿಂಗಾರಿಯ ಸುಗ್ಗಿ ಮುಗಿದು ಬಯಲು ಬರಿದಾದ ಬೇಸಗೆಯಲ್ಲಿ ಜೇನಿಗೆ ಆಸರೆ ಬದುವಿನ ಮರಗಳೇ. ಬೇವು, ಹೊಂಗೆ, ಹುಣಸೆ, ಜಾಲಿಗಳನ್ನು ಕಡಿಯುವ ಮುನ್ನ ಇದನ್ನು ನೆನೆಯಬೇಕು. ತುಪ್ಪಕ್ಕಾಗಿ ರಾತ್ರಿ ದೊಂದಿ ಹಿಡಿದು ಹೆಜ್ಜೇನಿನ ಹುಟ್ಟನ್ನೆಲ್ಲ ಸುಡುವುದು ಸಲ್ಲದು.

ಪಟ್ಟಣದಲ್ಲಿರುವ ನಮಗೂ ಇದರಲ್ಲಿ ಪಾಲುಂಟು. ನೀರಿನ ಟಾಕಿಗೋ ಕಾಲೇಜಿನ ಕಟ್ಟಡಕ್ಕೋ ಹೆಜ್ಜೇನು ಕಟ್ಟಿದರೆ ಕೂಡಲೆ ಬೆಂಕಿ, ವಿಷಗಳ ಮಾತು ಬರುತ್ತದೆ. ಹೆಜ್ಜೇನಿನ ಕೊಂಡಿ ಅಪಾಯಕರವೆಂಬುದು ನಿಜ. ಜನರ ಓಡಾಟವಿರುವಲ್ಲಿ ತಿಳಿದವರನ್ನು ಕರೆಸಿ ಅದನ್ನು ಕೊಲ್ಲದೆ ಎಬ್ಬಿಸುವುದು ತಕ್ಕದ್ದು. ಆದರೆ ಯಾರಿಗೂ ತೊಂದರೆಯಾಗದ ಎತ್ತರದಲ್ಲಿದ್ದರೆ ಬಿಟ್ಟುಬಿಡಬಹುದು. ಹೂವಿನ ಕಾಲ ಮುಗಿದ ಬಳಿಕ ಅದು ತಾನಾಗಿ ಬೇರೆ ಸೀಮೆಗೆ ವಲಸೆ ಹೋಗುತ್ತದೆ. ನಮ್ಮ ಟಾಕಿಯ ಮೇಲಿನ ಆ ಹುಟ್ಟಿನಿಂದಲೇ ನೊಣಗಳು ಸುತ್ತಣ ಹಳ್ಳಿಗಳ ಹೊಲಗಳಿಗೆ ಹೋಗಿ ಬರುತ್ತವೆ. ನಮ್ಮ ಅಡಿಗೆಮನೆಯ ಬೇಳೆಯಲ್ಲೂ ಕುಸುಬೆಯ ಎಣ್ಣೆಯಲ್ಲೂ ಅವುಗಳ ದುಡಿಮೆಯ ಪಾಲು ಒಂದಿಷ್ಟು ಸೇರಿರುತ್ತದೆ. ಬರುವ ಎಳ್ಳಮಾವಾಸ್ಯೆಗೆ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವವರು, ಊಟವಾದ ಮೇಲೆ ಕುಸುಬೆಯ ಸಾಲಿನ ಬಳಿ ಸ್ವಲ್ಪ ಹೊತ್ತು ನಿಲ್ಲಿಸಿ ಹೂವಿನ ಮೇಲೆ ಕುಳಿತ ನೊಣವನ್ನು ತೋರಿಸಲಿ. ಅದರ ಕಾಲಿನ ಹಳದಿ ಧೂಳಿಗೆ ಪರಾಗವೆಂದು ಹೆಸರು ಹೇಳಿ, ಅದು ಎಲ್ಲಿಗೆ ಹೋಗುತ್ತದೆಂಬುದನ್ನೂ ಹೇಳಲಿ.